ಗೊಬ್ಬರ ಬುಡಕ್ಕೆ ಬಿದ್ದ ಮೇಲೆ

ಗೊಬ್ಬರದ ಬೆಲೆ, ಚೀಲದ ತೂಕ, ಸಾಗಾಣಿಕೆಯ ಖರ್ಚು, ಆಳಿನ ಕೂಲಿ ಇವನ್ನೆಲ್ಲ ನಮ್ಮ ಸದಸ್ಯ ಬಾಂಧವರು ಪೈಸೆಗೆ ಪೈಸೆ ಲೆಕ್ಕ ಹಾಕುತ್ತಾರೆ. ಹಾಕಬೇಕಾದದ್ದೇ. ಆದರೆ ಆ ಗೊಬ್ಬರ ಮರದ ಬುಡಕ್ಕೆ ಬಿದ್ದ ಮೇಲೆ ಅದರಲ್ಲಿ ಎಷ್ಟು ಬೇರಿನೊಳಗೆ ಹೋಯಿತು, ಎಷ್ಟು ಹಳ್ಳ ಸೇರಿ ತುಂಗೆಯ ಪಾಲಾಯಿತು ಎಂಬ ಲೆಕ್ಕವನ್ನು ಕೇಳುವವರು ಅಪರೂಪ. ಸಂಘದ ಕಚೇರಿಗೆ ಬರುವವರ ಪ್ರಶ್ನೆ ಹೆಚ್ಚಾಗಿ ಒಂದೇ ಧಾಟಿಯದು: "ಪಟ್ಟಿಯಲ್ಲಿ ಇದ್ದಷ್ಟೂ ಹಾಕಿದ್ದೇನೆ. ಆದ್ರೂ ತೋಟ ಹಳದಿ. ಇನ್ನೆಂಥ ಹಾಕ್ಲಿ ಮಾರಾಯ್ರೆ?"

ಹತ್ತರಲ್ಲಿ ಏಳೆಂಟು ಸಂದರ್ಭಗಳಲ್ಲಿ ಇನ್ನೇನೂ ಹಾಕಬೇಕಾಗಿಲ್ಲ ಎಂಬುದೇ ನನ್ನ ಉತ್ತರ. ಹಾಕಿದ್ದು ಒಳಗೆ ಹೋಗಲು ದಾರಿ ಮಾಡಿಕೊಡಬೇಕು, ಅಷ್ಟೇ. ಈ ಉತ್ತರ ಕೇಳಿದವರಿಗೆ ರುಚಿಸುವುದಿಲ್ಲ. ಚೀಲ ಹೊತ್ತುಕೊಂಡು ಹೋದರೆ ಆಗುವ ಸಮಾಧಾನ ಬರಿಗೈಯಲ್ಲಿ ಹೋದರೆ ಆಗದು. ಆದ್ದರಿಂದ ಬೇರಿನ ತುದಿಯಲ್ಲಿ ನಡೆಯುವ ವ್ಯವಹಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯೋಣವೆಂದು ಈ ಲೇಖನ.

ಮೊದಲನೆಯದಾಗಿ, ಮರಕ್ಕೆ ಯೂರಿಯ ಗೊತ್ತಿಲ್ಲ, ಕೊಟ್ಟಿಗೆ ಗೊಬ್ಬರವೂ ಗೊತ್ತಿಲ್ಲ. ಜರ್ಮನಿಯ ಲೀಬಿಗ್ 1840ರಲ್ಲಿ ಖನಿಜ ಲವಣಗಳೇ ಸಸ್ಯದ ಆಹಾರವೆಂದು ಪ್ರತಿಪಾದಿಸಿದ ಮೇಲೆ ಈ ವಿಷಯ ಕ್ರಮೇಣ ಖಚಿತವಾಯಿತು. ನೀರಿನಲ್ಲಿ ಕರಗಿ ವಿದ್ಯುದಂಶ ಹೊತ್ತ ಸೂಕ್ಷ್ಮ ಕಣಗಳನ್ನೇ ಬೇರು ಮುಖ್ಯವಾಗಿ ತೆಗೆದುಕೊಳ್ಳುವುದು. ಇವಕ್ಕೆ ಅಯಾನು ಎಂದು ಹೆಸರು. ಪೊಟ್ಯಾಷ್, ಸುಣ್ಣ, ಮೆಗ್ನೀಷಿಯಂ ಇವು ಧನ ವಿದ್ಯುತ್ತಿನ ಕಣಗಳು. ನೈಟ್ರೇಟ್, ಫಾಸ್ಫೇಟ್ ಇವು ಋಣ ವಿದ್ಯುತ್ತಿನವು. ಸೊಪ್ಪು, ಸಗಣಿ, ದರಗು ಎಲ್ಲವೂ ಮಣ್ಣಿನ ಜೀವಾಣುಗಳ ಕೈಯಲ್ಲಿ ಕೊಳೆತು ಕೊನೆಗೆ ಇದೇ ರೂಪಕ್ಕೆ ಇಳಿಯಬೇಕು. ಯೂರಿಯವೂ ಮೊದಲು ಅಮೋನಿಯಂ ಆಗಿ, ಆಮೇಲೆ ಗಾಳಿಯಾಡುವ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳಿಂದ ನೈಟ್ರೇಟ್ ಆಗುತ್ತದೆ. ಅಮೋನಿಯಂ ಜೇಡಿಯ ಕಣಕ್ಕೂ ಗೊಬ್ಬರದ ಕಪ್ಪು ಸಾರಕ್ಕೂ ಅಂಟಿಕೊಂಡು ಸ್ವಲ್ಪ ಕಾಲ ನಿಲ್ಲುತ್ತದೆ. ನೈಟ್ರೇಟ್ ನಿಲ್ಲುವುದಿಲ್ಲ; ಮಳೆ ನೀರು ಹೋದ ಕಡೆ ಅದೂ ಹೋಗುತ್ತದೆ.

ಬೇರು ನೀರು ಹೀರಿದಾಗ ಲವಣವೂ ಜೊತೆಯಲ್ಲಿ ತಾನಾಗಿ ಒಳಗೆ ಬರುತ್ತದೆ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಇದು ಸರಿಯಲ್ಲ. ಬೇರಿನ ಪ್ರತಿಯೊಂದು ಜೀವಕೋಶಕ್ಕೂ ಎಣ್ಣೆಯಂಥ ಪದಾರ್ಥದ ಒಂದು ತೆಳು ಪೊರೆಯಿದೆ. ವಿದ್ಯುದಂಶ ಹೊತ್ತ ಕಣ ಆ ಎಣ್ಣೆಯ ಪೊರೆಯನ್ನು ದಾಟಲಾರದು. ಪೊರೆಯಲ್ಲಿ ಅಲ್ಲಲ್ಲಿ ಪ್ರೋಟೀನಿನಿಂದಾದ ಬಾಗಿಲುಗಳಿವೆ, ಆ ಬಾಗಿಲಿನಿಂದಲೇ ಬರಬೇಕು. 1952ರಲ್ಲಿ ಅಮೆರಿಕದಲ್ಲಿ ಎಪ್‌ಸ್ಟೈನ್ ಮತ್ತು ಹೇಗನ್ ಎಂಬವರು ಬಾರ್ಲಿ ಬೇರುಗಳ ಮೇಲೆ ಪ್ರಯೋಗ ಮಾಡಿ ಇದರ ಲೆಕ್ಕವನ್ನು ತೋರಿಸಿದರು. ದ್ರಾವಣದಲ್ಲಿ ಲವಣ ಹೆಚ್ಚಿಸಿದಂತೆ ಬೇರು ಹೀರುವ ವೇಗವೂ ಮೊದಮೊದಲು ಹೆಚ್ಚಿತು. ಒಂದು ಮಿತಿ ಮುಟ್ಟಿದ ಮೇಲೆ ಎಷ್ಟು ಹೆಚ್ಚಿಸಿದರೂ ವೇಗ ಬಹುಮಟ್ಟಿಗೆ ನಿಂತಲ್ಲೇ ನಿಂತಿತು. ಬಾಗಿಲುಗಳೆಲ್ಲ ಭರ್ತಿಯಾದವು ಎಂದರ್ಥ. ಒಂದೇ ಸಲಕ್ಕೆ ಎರಡು ಪಟ್ಟು ಸುರಿದರೆ ಎರಡು ಪಟ್ಟು ಒಳಗೆ ಹೋಗುವುದಿಲ್ಲವೆಂಬ ನಮ್ಮ ಹಿರಿಯರ ಅನುಭವಕ್ಕೆ ಇದೇ ಕಾರಣ.

ಈ ಬಾಗಿಲುಗಳ ಆಯ್ಕೆ ಬಹಳ ಬಿಗಿ. ಪೊಟ್ಯಾಷಿಯಂ ಕಣ ನುಗ್ಗುವ ದಾರಿಯಲ್ಲಿ ಅದಕ್ಕಿಂತ ಚಿಕ್ಕದಾದ ಸೋಡಿಯಂ ಕಣಕ್ಕೆ ಪ್ರವೇಶವಿಲ್ಲ. ಚಿಕ್ಕದಕ್ಕೆ ಏಕೆ ಇಲ್ಲ? ಸುತ್ತಲಿನ ನೀರಿನ ಹೊದಿಕೆಯನ್ನು ಕಳಚಿ ಬರುವ ಕಣವನ್ನು ಬಾಗಿಲಿನ ಒಳಗೋಡೆ ಸರಿಯಾದ ಅಳತೆಯಲ್ಲಿ ಹಿಡಿದುಕೊಳ್ಳಬೇಕು. ಸೋಡಿಯಂಗೆ ಆ ಹಿಡಿತ ಸಿಗುವುದಿಲ್ಲ. ರೋಡೆರಿಕ್ ಮೆಕಿನನ್ ಅವರು 1998ರಲ್ಲಿ ಒಂದು ಬ್ಯಾಕ್ಟೀರಿಯಾದ ಪೊಟ್ಯಾಷ್ ಬಾಗಿಲಿನ ಅಣುರಚನೆಯನ್ನು ಬಿಡಿಸಿ ತೋರಿಸಿ 2003ರಲ್ಲಿ ನೊಬೆಲ್ ಪಾರಿತೋಷಕ ಪಡೆದದ್ದು ಈ ಕೆಲಸಕ್ಕೇ. ಸಸ್ಯದ ಬೇರಿನ ಪೊಟ್ಯಾಷ್ ಬಾಗಿಲೂ ಇದೇ ವಂಶದ್ದು.

ಬೇರಿನ ಪಂಪ್‌ಸೆಟ್ಟು

ಬಾಗಿಲಿದ್ದರೆ ಸಾಲದು, ಒಳಗೆ ತಳ್ಳುವ ಬಲವೂ ಬೇಕು. ಏಕೆಂದರೆ ಹೊರಗಿನ ಮಣ್ಣಿನ ನೀರಿನಲ್ಲಿ ಇರುವುದಕ್ಕಿಂತ ಒಳಗೇ ಲವಣ ಹೆಚ್ಚು. ರಂಜಕದ ವಿಷಯದಲ್ಲಂತೂ ಜೀವಕೋಶದ ಒಳಗೆ ಹೊರಗಿನ ಸಾವಿರ ಪಟ್ಟು ಇರಬಹುದು. ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ಸಾಗಿಸುವುದೆಂದರೆ ತಗ್ಗಿನ ಕೆರೆಯಿಂದ ಗುಡ್ಡಕ್ಕೆ ನೀರೆತ್ತಿದ ಹಾಗೆ. ಖರ್ಚಿಲ್ಲದೆ ಆಗುವ ಕೆಲಸವಲ್ಲ.

ಬೇರು ಇದಕ್ಕೆ ಮಾಡಿಕೊಂಡಿರುವ ಏರ್ಪಾಡನ್ನು ನಮ್ಮ ತೋಟದ ನೀರಾವರಿಗೆ ಹೋಲಿಸಬಹುದು. ನಾವು ಪಂಪ್‌ಸೆಟ್ಟಿನಿಂದ ನೀರನ್ನು ಗುಡ್ಡದ ಮೇಲಿನ ತೊಟ್ಟಿಗೆ ಏರಿಸುತ್ತೇವೆ. ಅದು ಇಳಿದು ಬರುವ ರಭಸದಲ್ಲಿ ಕೆಳಗೆ ಸ್ಪ್ರಿಂಕ್ಲರು ತಿರುಗುತ್ತದೆ. ಬೇರಿನ ಪೊರೆಯಲ್ಲೂ ಒಂದು ಪಂಪು ಇದೆ. ಅದು ಎತ್ತುವುದು ನೀರನ್ನಲ್ಲ, ಜಲಜನಕದ ಅಯಾನನ್ನು, ಅಂದರೆ ಪ್ರೋಟಾನನ್ನು. ಇದನ್ನು ಒಂದೇ ಸಮನೆ ಒಳಗಿನಿಂದ ಹೊರಗೆ ಹಾಕುತ್ತಿರುತ್ತದೆ. ಇದರಿಂದ ಎರಡು ಪರಿಣಾಮ. ಜೀವಕೋಶದ ಒಳಗು ಹೊರಗಿಗಿಂತ ಸುಮಾರು 150 ಮಿಲಿವೋಲ್ಟಿನಷ್ಟು ಋಣವಾಗುತ್ತದೆ; ಆಗ ಧನ ವಿದ್ಯುತ್ತಿನ ಪೊಟ್ಯಾಷ್ ಕಣ ಬಾಗಿಲು ತೆರೆದಲ್ಲಿ ತಾನೇ ಸೆಳೆದುಕೊಂಡು ಒಳಗೆ ಬರುತ್ತದೆ. ಇನ್ನೊಂದು, ಹೊರಗೆ ರಾಶಿಬಿದ್ದ ಪ್ರೋಟಾನುಗಳು ಒಳಕ್ಕೆ ಮರಳಲು ಒತ್ತುತ್ತವೆ. ನೈಟ್ರೇಟ್ ಮತ್ತು ಫಾಸ್ಫೇಟಿನ ಬಾಗಿಲುಗಳು ಈ ಒತ್ತಡವನ್ನು ಉಪಯೋಗಿಸಿಕೊಂಡು, ಮರಳುವ ಪ್ರೋಟಾನಿನ ಜೊತೆಯಲ್ಲಿ ತಮ್ಮ ಲವಣವನ್ನೂ ಒಳಗೆ ಎಳೆದುಕೊಳ್ಳುತ್ತವೆ. ಪ್ರೋಟಾನುಗಳನ್ನು ಪೊರೆಯ ಒಂದು ಮಗ್ಗುಲಿಗೆ ಏರಿಸಿ ಶಕ್ತಿಯನ್ನು ಹೀಗೆ ಕೂಡಿಡಬಹುದೆಂದು ಇಂಗ್ಲೆಂಡಿನ ಪೀಟರ್ ಮಿಚೆಲ್ 1961ರಲ್ಲಿ ಸೂಚಿಸಿದಾಗ ವಿಜ್ಞಾನಿಗಳೇ ನಂಬಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಬಂತು.

ಇನ್ನು ಈ ಪಂಪಿಗೆ ಕರೆಂಟು ಎಲ್ಲಿಯದು? ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿದು ಬರುತ್ತದೆ. ಬೇರು ಉಸಿರಾಡಿ, ಆಮ್ಲಜನಕದಿಂದ ಆ ಸಕ್ಕರೆಯನ್ನು ದಹಿಸಿ, ಎ.ಟಿ.ಪಿ. ಎಂಬ ಶಕ್ತಿಯ ಅಣುವನ್ನು ತಯಾರಿಸುತ್ತದೆ. ಪಂಪು ಓಡುವುದು ಅದರಿಂದ. ಗಾಳಿ ಇದ್ದಾಗ ಸಕ್ಕರೆಯ ಒಂದು ಅಣುವಿನಿಂದ ಸುಮಾರು 30 ಎ.ಟಿ.ಪಿ. ಸಿಗುತ್ತದೆ. ಗಾಳಿ ಇಲ್ಲದಿದ್ದರೆ ಎರಡೇ ಎರಡು.

ಈ ಮೂವತ್ತು ಮತ್ತು ಎರಡರ ಅಂತರದಲ್ಲಿ ನಮ್ಮ ಸೀಮೆಯ ಕಷ್ಟದ ಬಹುಭಾಗ ಅಡಗಿದೆ.

ಕಿಗ್ಗದ ಮಳೆ, ಬೇರಿನ ಉಸಿರು

ಮಳೆ ಬೇಕೆಂದು ಬಯಲುಸೀಮೆಯವರು ಋಷ್ಯಶೃಂಗೇಶ್ವರನ ಸನ್ನಿಧಿಗೆ ಬಂದು ಪೂಜೆ ಮಾಡಿಸುತ್ತಾರೆ. ನಾವು ಸಾಕು ಮಾಡೆಂದು ಕೈಮುಗಿಯುವವರು. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚೇ ನೀರು. ನೂರು ಇಂಚು ಎಂದಿಟ್ಟುಕೊಂಡರೂ ಎಕರೆಗೆ ಒಂದು ಕೋಟಿ ಲೀಟರು. ನಮ್ಮಲ್ಲಿ ಮಳೆಗಾಲ ಅಷ್ಟಕ್ಕೇ ನಿಲ್ಲುವುದು ಅಪರೂಪ. ಇಷ್ಟು ನೀರು ನಾಲ್ಕು ತಿಂಗಳಲ್ಲಿ ನಮ್ಮ ತೋಟದ ಮಣ್ಣಿನ ಮೂಲಕ ಹಾಯ್ದು ಹೋಗುತ್ತದೆ.

ಲವಣ ತೊಳೆದು ಹೋಗುವುದು ಎಲ್ಲರಿಗೂ ಕಾಣುವ ನಷ್ಟ. ಕಾಣದ ನಷ್ಟ ಉಸಿರಿನದು. ಗಾಳಿಯಲ್ಲಿ ಆಮ್ಲಜನಕ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಅದು ಹರಡುವುದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿ ನಿಂತರೆ ಅಲ್ಲಿರುವ ಅಷ್ಟಿಷ್ಟು ಆಮ್ಲಜನಕವನ್ನು ಬೇರು ಮತ್ತು ಸೂಕ್ಷ್ಮಜೀವಿಗಳು ಬೇಗನೆ ಮುಗಿಸುತ್ತವೆ, ಹೊಸದು ಬರುವುದಿಲ್ಲ. ಪಂಪು ನಿಲ್ಲುತ್ತದೆ. ಪಂಪು ನಿಂತ ಬೇರಿಗೆ ಯೂರಿಯ ಹಾಕುವುದೂ ಕರೆಂಟಿಲ್ಲದಾಗ ಸ್ಪ್ರಿಂಕ್ಲರು ಜೋಡಿಸುವುದೂ ಒಂದೇ.

ಅಷ್ಟೇ ಅಲ್ಲ. ಉಸಿರುಗಟ್ಟಿದ ಬೇರಿನ ಜೀವಕೋಶದ ಒಳಗೆ ಹುಳಿ ಹೆಚ್ಚುತ್ತದೆ. ನೀರು ಒಳಬರುವುದಕ್ಕೆ ಪೊರೆಯಲ್ಲಿ ಬೇರೆಯೇ ಬಾಗಿಲುಗಳಿವೆ; ಅವುಗಳಿಗೆ ಅಕ್ವಾಪೋರಿನ್ ಎಂದು ಹೆಸರು. ಪೀಟರ್ ಆಗ್ರೆ ಅವರು ಇವುಗಳ ಕೆಲಸವನ್ನು 1992ರಲ್ಲಿ ತೋರಿಸಿಕೊಟ್ಟರು, ಮೆಕಿನನ್ ಜೊತೆಯಲ್ಲೇ ನೊಬೆಲ್ ಪಡೆದರು. ಒಳಗೆ ಹುಳಿ ಹೆಚ್ಚಿದರೆ ಬೇರಿನ ಈ ನೀರಿನ ಬಾಗಿಲುಗಳು ಮುಚ್ಚಿಕೊಳ್ಳುತ್ತವೆಂದು 2003ರಲ್ಲಿ ತಿಳಿದುಬಂತು. ಬುಡದಲ್ಲಿ ನೀರು ನಿಂತ ಕಾಫಿ ಗಿಡ ಬಾಯಾರಿದಂತೆ ಎಲೆ ಜೋತುಹಾಕಿಕೊಂಡು ನಿಲ್ಲುವುದನ್ನು ನೋಡಿ "ಇದೆಂಥ ವಿಚಿತ್ರ" ಎನ್ನುತ್ತೇವಲ್ಲ, ಸುತ್ತ ನೀರಿದ್ದೂ ಅದಕ್ಕೆ ನಿಜವಾಗಿ ಬಾಯಾರಿಕೆಯೇ.

ಗಾಳಿ ಇಲ್ಲದ ಮಣ್ಣಿನಲ್ಲಿ ಸಾರಜನಕಕ್ಕೆ ಇನ್ನೊಂದು ಕಂಟಕವೂ ಇದೆ. ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕಕ್ಕೆ ಬದಲು ನೈಟ್ರೇಟನ್ನೇ ಉಸಿರಿಗೆ ಬಳಸಿಕೊಂಡು ಅದನ್ನು ಅನಿಲ ಮಾಡಿ ಆಕಾಶಕ್ಕೆ ಬಿಡುತ್ತವೆ. ನಾವು ಹಣ ಕೊಟ್ಟು ತಂದದ್ದು ಒಂದು ಪಾಲು ಹೊಳೆಗೆ, ಒಂದು ಪಾಲು ಗಾಳಿಗೆ.

ತೋಟದ ಮಣ್ಣಿನಲ್ಲಿ ಗಾಳಿ ಇದೆಯೋ ಇಲ್ಲವೋ ಎಂದು ತಿಳಿಯಲು ಯಂತ್ರ ಬೇಕಾಗಿಲ್ಲ. ಕಪ್ಪಿಗೆ ಇಳಿದು ನೋಡಿ. ದಂಡೆಯಿಂದ ಜಿನುಗುವ ನೀರಿನಲ್ಲಿ ತುಕ್ಕಿನ ಬಣ್ಣದ ಗಸಿ ಕೂತಿದ್ದರೆ, ಮೇಲೆ ಎಣ್ಣೆ ಚೆಲ್ಲಿದಂತೆ ತೆಳು ಪೊರೆ ಕಟ್ಟಿದ್ದರೆ, ಒಳಗಿನ ಮಣ್ಣಿನಲ್ಲಿ ಉಸಿರಿಲ್ಲವೆಂದು ತಿಳಿಯಬಹುದು. ನಮ್ಮ ಕೆಂಪು ಮಣ್ಣಿನ ಕಬ್ಬಿಣ ಸಾಮಾನ್ಯವಾಗಿ ಕರಗದು. ಆಮ್ಲಜನಕ ಇಲ್ಲದಾಗ ಮಾತ್ರ ರೂಪ ಬದಲಿಸಿ ನೀರಿಗೆ ಇಳಿಯುತ್ತದೆ, ಕಪ್ಪಿನಲ್ಲಿ ಮತ್ತೆ ಗಾಳಿ ಸೋಕಿದೊಡನೆ ತುಕ್ಕಾಗಿ ಬೀಳುತ್ತದೆ. ಮಕ್ಕಳು ಅದನ್ನು ಕಂಡು ತೋಟದಲ್ಲಿ ಪೆಟ್ರೋಲ್ ಸಿಕ್ಕಿತೆಂದು ಓಡಿ ಬರುವುದುಂಟು. ಪೆಟ್ರೋಲಲ್ಲ, ಅದು ಬಸಿಗಪ್ಪು ಆಳವಾಗಬೇಕೆಂಬ ನೋಟೀಸು. ಹಿಡಿಮುಂಡಿಗೆ ಹೆಚ್ಚಾಗಿ ಕಾಣುವುದೂ ಇಂಥ ನೀರು ನಿಲ್ಲುವ, ಗಟ್ಟಿ ಮಣ್ಣಿನ ಜಾಗದಲ್ಲೇ.

ಬೇರಿನಿಂದ ಸುಳಿಗೆ

ಬೇರಿನ ಸಿಪ್ಪೆಯನ್ನು ದಾಟಿದ ಲವಣ ಒಳಭಾಗದಲ್ಲಿ ಒಂದು ತಡೆಗೋಡೆಯನ್ನು ಎದುರಿಸುತ್ತದೆ. ಇಟ್ಟಿಗೆಯ ಸಂದಿಗೆ ಗಾರೆ ಮೆತ್ತಿದಂತೆ, ಜೀವಕೋಶಗಳ ನಡುವಿನ ಸಂದಿಗೆ ನೀರು ಹಾಯದ ಪದಾರ್ಥವನ್ನು ಬೇರು ಮೆತ್ತಿಕೊಂಡಿರುತ್ತದೆ. ಜರ್ಮನಿಯ ಕ್ಯಾಸ್ಪರಿ ಎಂಬ ಸಸ್ಯಶಾಸ್ತ್ರಜ್ಞರ ಹೆಸರು ಇದಕ್ಕಿದೆ. ಸಂದಿಯಲ್ಲಿ ನುಸುಳಿ ಬಂದದ್ದು ಕೂಡ ಇಲ್ಲಿ ಒಮ್ಮೆ ಪೊರೆಯ ಬಾಗಿಲಿನಿಂದಲೇ ಹೋಗಬೇಕು. ನಾಕಾಬಂದಿ ಎನ್ನಿ. ಅಲ್ಲಿಂದ ಮುಂದೆ ಬೇರೆ ಬಾಗಿಲುಗಳು ಲವಣವನ್ನು ಕ್ಸೈಲಂ ಎಂಬ ನೀರಿನ ನಾಳಕ್ಕೆ ಇಳಿಸುತ್ತವೆ. ಬೋರಾನನ್ನು ಹೀಗೆ ನಾಳಕ್ಕೆ ಇಳಿಸುವ ಬಾಗಿಲನ್ನು 2002ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು.

ಅಡಿಕೆಯ ಸುಳಿ ನಲವತ್ತು ಐವತ್ತು ಅಡಿ ಎತ್ತರದಲ್ಲಿರುತ್ತದೆ. ಅಲ್ಲಿಗೆ ಎತ್ತುವ ಬಲ ಎಲೆಯದು. ಎಲೆಯಿಂದ ನೀರು ಆವಿಯಾದಂತೆ ಕೆಳಗಿನ ನೀರಿನ ಎಳೆ ಮೇಲಕ್ಕೆ ಎಳೆಯಲ್ಪಡುತ್ತದೆ. ಆಷಾಢದಲ್ಲಿ, ವಾರಗಟ್ಟಲೆ ಬಿಸಿಲಿಲ್ಲದೆ ಗಾಳಿಯೇ ಒದ್ದೆಯಾಗಿರುವಾಗ, ಸೋಗೆಯಿಂದ ಆವಿಯಾಗುವುದೇನು? ಎಳೆತ ತೀರ ಸೊರಗುತ್ತದೆ. ಈ ಎಳೆತವನ್ನೇ ಪೂರ್ತಿ ನಂಬಿರುವ ಸುಣ್ಣದಂಥ ಲವಣಕ್ಕೆ ಆಗ ಪ್ರಯಾಣ ಕಷ್ಟ. ಜೊತೆಗೆ ಮೋಡ ಮುಸುಕಿದ ಎಲೆಯಲ್ಲಿ ಸಕ್ಕರೆಯೂ ಕಡಿಮೆ ತಯಾರಾಗುವುದರಿಂದ ಬೇರಿನ ಪಂಪಿಗೆ ಇಂಧನವೂ ಕಡಿಮೆ. ನಡು ಮಳೆಗಾಲದಲ್ಲಿ ಗೊಬ್ಬರ ಹಾಕಿದರೆ ತೊಳೆದು ಹೋಗುತ್ತದೆ, ಬೇರು ತೆಗೆದುಕೊಳ್ಳಲಾರದು, ತೆಗೆದುಕೊಂಡದ್ದೂ ಏರಲಾರದು.

ಮೇಲೆ ಹೋದದ್ದರ ಹಂಚಿಕೆ ಇನ್ನೊಂದು ನಾಳದ್ದು, ಫ್ಲೋಯಂನದು. ಎಲೆಯ ಸಕ್ಕರೆಯನ್ನು ಕಾಯಿಗೆ, ಸುಳಿಗೆ, ಬೇರಿಗೆ ಒಯ್ಯುವುದು ಇದೇ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಇವು ಈ ನಾಳದಲ್ಲಿ ಸಲೀಸಾಗಿ ಓಡಾಡುತ್ತವೆ. ಕೊರತೆ ಬಂದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಎಲೆಗೆ, ಕಾಯಿಗೆ ಕೊಡುತ್ತದೆ. ಆದ್ದರಿಂದ ಇವುಗಳ ಕೊರತೆ ಮೊದಲು ಹಳೆಯ ಎಲೆಯಲ್ಲಿ ಕಾಣುತ್ತದೆ. ಹಣ್ಣು ಕಿಕ್ಕಿರಿದ ವರ್ಷ ಅರೇಬಿಕಾ ಗಿಡದ ಎಲೆ ಉದುರಿ ರೆಕ್ಕೆಗಳು ತುದಿಯಿಂದ ಒಣಗುವುದರ ಹಿಂದೆ ಈ ಕಿತ್ತುಕೊಡುವಿಕೆಯ ಪಾಲು ದೊಡ್ಡದು. ಸುಣ್ಣ ಮತ್ತು ಕಬ್ಬಿಣ ಹಾಗೆ ಓಡಾಡವು, ಬೋರಾನೂ ಅನೇಕ ಸಸ್ಯಗಳಲ್ಲಿ ಅಷ್ಟೇ. ಅವುಗಳ ಕೊರತೆ ಚಿಗುರಿನಲ್ಲಿ, ಸುಳಿಯಲ್ಲಿ ತೋರುತ್ತದೆ. ಗೊಬ್ಬರ ಕೇಳಲು ಬರುವವರು ಎಲೆ ಹಳದಿ ಎಂದರೆ ಸಾಲದು, ಯಾವ ಎಲೆ ಎಂದು ನೋಡಿಕೊಂಡು ಬರಬೇಕು.

ಇಲ್ಲಿಗೆ ಹಳದಿ ಎಲೆ ರೋಗದ ಮಾತು ಬಂತು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಈ ರೋಗ ಎಷ್ಟು ಮನೆಗಳ ಅನ್ನಕ್ಕೆ ಕಲ್ಲು ಹಾಕಿದೆ ಎಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಮಣ್ಣಿನ ದೋಷ, ಲವಣದ ಕೊರತೆ ಎಂದು ಬಹುಕಾಲ ಚರ್ಚೆ ನಡೆಯಿತು. 1978ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ, ರೋಗ ಬಂದ ಅಡಿಕೆಯ ಫ್ಲೋಯಂ ನಾಳದಲ್ಲಿ ಇಂದು ಫೈಟೋಪ್ಲಾಸ್ಮ ಎಂದು ಕರೆಯುವ ಸೂಕ್ಷ್ಮಜೀವಿ ಕಂಡುಬಂತು. ರಸ ಹೀರುವ ಜಿಗಿಹುಳು ಇದನ್ನು ಹರಡುತ್ತದೆ. ಅದು ನೆಲೆಸುವುದು ಸಕ್ಕರೆ ಸಾಗುವ ನಾಳದಲ್ಲಿ ಎಂಬುದನ್ನು ಗಮನಿಸಿ. ಸಾಗಾಣಿಕೆಗೆ ತೊಂದರೆಯಾದರೆ ಬೇರಿಗೆ ಇಂಧನ ತಪ್ಪುತ್ತದೆ. ಇಂಥ ಮರಗಳ ಬೇರಿನ ತುದಿ ಕಪ್ಪಾಗಿ ಕೊಳೆತಿರುವುದನ್ನು ಅಗೆದು ನೋಡಿದವರು ಬಲ್ಲರು. ಅಂಥ ಬೇರಿಗೆ ದುಪ್ಪಟ್ಟು ಗೊಬ್ಬರ ಸುರಿದು ಮರ ಉಳಿಸುತ್ತೇನೆಂದರೆ ಆಗುವ ಕೆಲಸವಲ್ಲ. ಸಮತೋಲದ ಗೊಬ್ಬರ, ಬಸಿಗಪ್ಪು, ಸುಣ್ಣ ಇವುಗಳಿಂದ ಮರ ಇನ್ನಷ್ಟು ವರ್ಷ ತಾಳಿಕೊಳ್ಳಬಹುದು, ರೋಗ ವಾಸಿಯಾಗದು. ವಾಸಿ ಮಾಡುವ ಔಷಧಿ ಎಂದು ಬಾಟಲಿ ಹಿಡಿದು ಮನೆ ಬಾಗಿಲಿಗೆ ಬರುವವರಿಂದ ಸದಸ್ಯರು ದೂರವಿರುವುದು ಲೇಸು. ರೋಗದ ತೋಟಗಳಲ್ಲೇ ತಡೆದುಕೊಂಡು ನಿಂತ ಮರಗಳನ್ನು ಆರಿಸಿ, ಅಂಗಾಂಶ ಕೃಷಿಯಿಂದ ಸಸಿ ಮಾಡುವ ಕೆಲಸ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ನಡೆದಿದೆ. ನಿಜವಾದ ಆಶೆ ಇರುವುದು ಅಲ್ಲಿ.

ಹಾಗಾದರೆ ಮಾಡತಕ್ಕದ್ದು

ಅಡಿಕೆಗೆ ಶಿಫಾರಸು ಎಲ್ಲರಿಗೂ ಬಾಯಿಪಾಠ: ವರ್ಷಕ್ಕೆ ಮರವೊಂದಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕಿಲೋ ಹಸಿ ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ. ತೂಕದಲ್ಲಿ ಸುಮಾರು 220 ಗ್ರಾಂ ಯೂರಿಯ, 200 ಗ್ರಾಂ ಶಿಲಾರಂಜಕ, 230 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಇದನ್ನು ಎರಡು ಕಂತು ಮಾಡಿ ಹಾಕಬೇಕು. ಮೊದಲ ಕಂತು ಮಳೆ ಹಿಡಿಯುವ ಮೊದಲು, ಮಣ್ಣು ಹದವಾಗಿ ಬೇರು ಚುರುಕಾಗಿರುವಾಗ. ಎರಡನೆಯದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ನಲ್ಲಿ, ಬಿಸಿಲು ಕಂಡು ಕಪ್ಪಿನ ನೀರು ಇಳಿದ ಮೇಲೆ. ಕಾಫಿಗೆ ಹೂವಿಗೆ ಮುಂಚೆ, ಹೂವಿನ ನಂತರ, ಮಳೆಗಾಲದ ನಡುವೆ, ಮಳೆಗಾಲದ ಕೊನೆಗೆ ಎಂದು ಕಂತುಗಳನ್ನು ಹೇಳುತ್ತಾರೆ. ನಡುವಿನ ಕಂತನ್ನು ನಮ್ಮ ಸೀಮೆಯಲ್ಲಿ ಕ್ಯಾಲೆಂಡರು ನೋಡಿ ಹಾಕಬಾರದು, ಆಕಾಶ ನೋಡಿ ಹಾಕಬೇಕು. ನಾಲ್ಕಾರು ದಿನ ಹೊಳವಾಗದಿದ್ದರೆ ಚೀಲ ಉಗ್ರಾಣದಲ್ಲೇ ಇರಲಿ.

ಸೊಪ್ಪು, ಗೊಬ್ಬರ ಬಿಟ್ಟು ಬರಿಯ ರಾಸಾಯನಿಕ ಸಾಕೆನ್ನುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಆಳು ಸಿಗುವುದಿಲ್ಲ, ಸೊಪ್ಪಿನ ಬೆಟ್ಟ ದೂರ. ಕಷ್ಟ ನಿಜ. ಆದರೆ ನಮ್ಮ ಕೆಂಪು ಮಣ್ಣಿನ ಜೇಡಿಗೆ ಲವಣ ಹಿಡಿದಿಡುವ ಶಕ್ತಿ ಬಹಳ ಕಡಿಮೆ. ಪೊಟ್ಯಾಷನ್ನೂ ಮೆಗ್ನೀಷಿಯಂ ಅನ್ನೂ ಮಳೆಗೆ ಬಿಟ್ಟುಕೊಡದೆ ಹಿಡಿಯುವುದು ಬಹುಪಾಲು ಕೊಳೆತ ಸೊಪ್ಪಿನ ಸಾರವೇ. ಮಣ್ಣನ್ನು ಸಡಿಲ ಮಾಡಿ ಗಾಳಿಯಾಡಿಸುವುದೂ ಅದೇ. ರಂಜಕದ ಮಾತು ಬೇರೆ: ಅದನ್ನು ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂಗಳು ಕಟ್ಟಿಹಾಕುತ್ತವೆ, ಬೇರಿಗೆ ಅಂಟಿ ಬದುಕುವ ಶಿಲೀಂಧ್ರದ ಎಳೆಗಳು ದೂರದಿಂದ ಹುಡುಕಿ ತಂದುಕೊಡುತ್ತವೆ. ಹುಳಿ ಮಣ್ಣಿನಲ್ಲಿ ನಿಧಾನವಾಗಿ ಕರಗುವ ಶಿಲಾರಂಜಕ ನಮಗೆ ಒಪ್ಪುವುದು ಆದ್ದರಿಂದಲೇ.

ಸುಣ್ಣದ ವಿಷಯ ಬಿಡುವಂತಿಲ್ಲ. ಮಣ್ಣಿನ ರಸಸಾರ 5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಮೊಟಕು ಮಾಡುತ್ತದೆ. ಹೀರುವ ಬಾಗಿಲುಗಳು ದಟ್ಟವಾಗಿರುವುದು ತುದಿಯ ಹತ್ತಿರದ ಎಳೆ ಬೇರಿನಲ್ಲೇ. ಯೂರಿಯ, ಅಮೋನಿಯಂ ಗೊಬ್ಬರಗಳು ವರ್ಷದಿಂದ ವರ್ಷಕ್ಕೆ ಹುಳಿಯನ್ನು ಹೆಚ್ಚಿಸುತ್ತವೆ. ಪೊಟ್ಯಾಷ್ ಅತಿಯಾದರೆ ಮೆಗ್ನೀಷಿಯಂ ಒಳಗೆ ಬರುವುದಕ್ಕೆ ಅಡ್ಡಿಯಾಗುತ್ತದೆ; ಡೋಲೋಮೈಟ್ ಸುಣ್ಣ ಹಾಕುವವರಿಗೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ. ಸುಣ್ಣವನ್ನೂ ಯೂರಿಯವನ್ನೂ ಒಂದೇ ದಿನ ಹಾಕಬಾರದು, ಸಾರಜನಕ ಅಮೋನಿಯ ಅನಿಲವಾಗಿ ಹಾರಿಹೋಗುತ್ತದೆ. ನಡುವೆ ಮೂರು ನಾಲ್ಕು ವಾರದ ಅಂತರವಿರಲಿ.

ಎಷ್ಟು ಸುಣ್ಣ ಎಂಬುದನ್ನು ಮಣ್ಣು ಪರೀಕ್ಷೆಯಿಂದ ತಿಳಿಯಬೇಕೇ ಹೊರತು ಪಕ್ಕದ ತೋಟದವರನ್ನು ಕೇಳಿ ಅಲ್ಲ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ ನಮ್ಮ ಪಕ್ಕದಲ್ಲೇ ಇದೆ. ಕಾಫಿ ತೋಟದ ಮಣ್ಣನ್ನು ಅಲ್ಲಿ ಪರೀಕ್ಷಿಸಿ ಕೊಡುತ್ತಾರೆ. ಮಾದರಿ ತೆಗೆಯುವಾಗ ಮೇಲಿನ ದರಗನ್ನು ಸರಿಸಿ, ಒಂಬತ್ತು ಇಂಚು ಆಳದವರೆಗೆ ಒಂದೇ ಸಮನಾಗಿ ಕೆತ್ತಿ, ತೋಟದ ಹತ್ತಾರು ಕಡೆಯ ಮಣ್ಣನ್ನು ಬೆರೆಸಿ, ನೆರಳಿನಲ್ಲಿ ಒಣಗಿಸಿ ಒಂದು ಸೇರಿನಷ್ಟು ತನ್ನಿ. ಗೊಬ್ಬರ ಹಾಕಿ ಎರಡು ಮೂರು ತಿಂಗಳು ಕಳೆದಿರಬೇಕು. ತಗ್ಗಿನ ಅಡಿಕೆಯ ಮಣ್ಣನ್ನೂ ಗುಡ್ಡದ ಕಾಫಿಯ ಮಣ್ಣನ್ನೂ ಒಂದೇ ಪೊಟ್ಟಣಕ್ಕೆ ಸೇರಿಸಿ ತರಬೇಡಿ, ಮತ್ತು ಗೊಬ್ಬರದ ಖಾಲಿ ಚೀಲದಲ್ಲಿ ಖಂಡಿತ ತರಬೇಡಿ.